ಎಲ್ಲವೂ ದಪ್ಪ ಅಕ್ಷರ

ತಿರುಪತಿಯ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸುವಾಗ ತಲೆ ಎದೆಯ ಮೇಲೆ ಬಾಗಿತು. ತಮ್ಮ ಸುಭಾಷ್ ಗದ್ದಕ್ಕೆ ಬಿಳಿ ಬಟ್ಟೆ ಹಾಕಿ ನೆತ್ತಿಯ ಮೇಲೆ ಬಿಗಿದ. ಮಾನ್ವಿ ಆಸ್ಪತ್ರೆಯಿಂದ ತಂದ ಮೇಲೂ ಕಿವಿಯಲ್ಲಿ ಭತ್ತದ ಹೊಟ್ಟು ಉಳಿದಿತ್ತು. ಹೆಂಡತಿ ಅಂಬಿಕಾ ಸೆರಗಿನ ತುದಿಯಿಂದ ಅದನ್ನು ತೆಗೆಯಲು ಹೋದಳು. ಅತ್ತೆ ಹಣಮಮ್ಮ ಕೈಹಿಡಿದು ಕೂರಿಸಿಕೊಂಡಳು.

ಪೋತ್ನಾಳದ ಅಕ್ಕಿ ಗಿರಣಿಯಲ್ಲಿ ನಿನ್ನೆ ಯಂತ್ರದ ಕುಣಿಯೊಳಗೆ, ಭತ್ತ ಸುರಿಯುವ ಆಳದ ಗುಂಡಿಯಲ್ಲಿ, ಭತ್ತ ಕಟ್ಟಿಕೊಂಡಿತ್ತು. ಬಿಡಿಸಲು ಇಳಿದವನು ತಿರುಪತಿ. ಕರೆಂಟು ತೆಗೆದಿರಲಿಲ್ಲ; ಯಂತ್ರ ಎಳೆದ ಭತ್ತ ಅವನನ್ನೂ ಎಳೆದುಕೊಂಡು ಮುಚ್ಚಿತು. ಅವನೂರು ಬಾಗಲವಾಡದ ಓಣಿಗೆ ಓಣಿಯೇ ಈಗ ಅಂಗಳದಲ್ಲಿತ್ತು, ಬಂದವರೆಲ್ಲ ಅದೊಂದನ್ನೇ ಕೇಳುತ್ತಿದ್ದರು: ಕರೆಂಟು ಯಾಕೆ ತೆಗೆಯಲಿಲ್ಲ? ಸತ್ತವನು ಬಾಯಿ ಬಿಡುವುದಿಲ್ಲ ಎಂಬ ಧೈರ್ಯದ ಮೇಲೆಯೇ ಜನ ಇಂಥವನ್ನು ಕೇಳುವುದು.

ಗಿರಣಿಯ ಮ್ಯಾನೇಜರ್ ಬಂದು ಹಾರ ಹಾಕಿ, ಕೈಮುಗಿದು, ಹಿರಿಯರ ಕಡೆ ತಿರುಗಿದ. “ಕರೆಂಟ್ ತಗೀಲಾರ್ದ ಕುಣಿಗೆ ಇಳೀಬಾರದು ಅಂತ ಬೋರ್ಡಿನ್ಯಾಗ ಇಷ್ಟು ದಪ್ಪ ಅಕ್ಷರದಾಗ ಬರಸೀವ್ರಿ. ಓದ್ಲಿಲ್ಲಂದ್ರ ನಾವೇನ್ ಮಾಡೋಣು?”

ಹಿರಿಯರು ತಲೆಯಾಡಿಸಿದರು. ಅಂಬಿಕಾ ಅತ್ತೆಯ ಕೈ ಬಿಡಿಸಿಕೊಂಡಳು. ಗಂಡನಂತೂ ಹೋದ. ತನ್ನ ಸಾವನ್ನು ತಾನೇ ತಂದುಕೊಂಡ ಎಂಬ ಮಾತನ್ನೂ ಅವನ ಮೇಲೆ ಹೊರಿಸಿ ಮಣ್ಣು ಮಾಡಬೇಕೆ?

*

ಹೊಸ ಯಂತ್ರ ಕೂರಿಸಿದ ವರ್ಷ ತಿರುಪತಿ ಊಟಕ್ಕೆ ಕೂತಾಗಲೆಲ್ಲ ಅದರದೇ ಸುದ್ದಿ ಹೇಳುತ್ತಿದ್ದ. ಯಂತ್ರದ ಇಂಗ್ಲಿಷ್ ಪುಸ್ತಕದಲ್ಲಿ, ಮೀರಲೇಬಾರದು ಎನ್ನುವ ಮಾತಷ್ಟೇ ಕ್ಯಾಪಿಟಲ್ ಅಕ್ಷರದಲ್ಲಿ, ಉಳಿದದ್ದು ಸಣ್ಣ ಅಕ್ಷರದಲ್ಲಿ ಇರುತ್ತದಂತೆ. ಕನ್ನಡದಲ್ಲಿ ಆ ಬಗೆ ಇಲ್ಲ. ಅದಕ್ಕೇ ಯಂತ್ರ ಕೂರಿಸಲು ಬಂದ ಎಂಜಿನಿಯರು ಗೋಡೆಯ ಮೇಲೆ ಕುಣಿಯ ಸಾಲೊಂದನ್ನೇ ಕೆಂಪಗೆ, ದಪ್ಪಗೆ ಬರೆಸಿದ್ದ.

“ಅದೊಂದು ಜೀವದ ಸಾಲು ನೋಡು,” ಎನ್ನುತ್ತಿದ್ದ ತಿರುಪತಿ. “ಉಳಿದದ್ದು ಆದ್ರ ಮಾಡು, ಇಲ್ಲಂದ್ರ ಬಿಡು.”

ಹೋದ ವರ್ಷ ಸರ್ಕಾರದವರು ತಪಾಸಣೆಗೆ ಬರುತ್ತಾರೆಂದು ಮಾಲೀಕರು ಗೋಡೆಗೆ ಸುಣ್ಣ ಬಳಿಸಿ ಹೊಸ ಬೋರ್ಡು ಹಾಕಿಸಿದರು. ಒಂದು ಸಾಲು ದಪ್ಪ, ಉಳಿದವು ಸಣ್ಣ ಇದ್ದರೆ ಚಂದ ಕಾಣುವುದಿಲ್ಲವೆಂದು ಎಲ್ಲವನ್ನೂ ಕೆಂಪು ದಪ್ಪ ಅಕ್ಷರದಲ್ಲೇ ಬರೆಸಿದರು. ಬೂಟು ಹಾಕಬೇಕು ಎಂದಿತ್ತು. ಬೂಟು ಯಾರಿಗೂ ಕೊಡಲಿಲ್ಲ. ಗುಟ್ಕಾ ಉಗುಳಬಾರದು ಎಂದಿತ್ತು. ಮ್ಯಾನೇಜರನೇ ಬೋರ್ಡಿನ ಬುಡದಲ್ಲಿ ಉಗುಳುತ್ತಿದ್ದ. ಕುಣಿಯ ಸಾಲೂ ಅವುಗಳ ನಡುವೆ ಒಂದಾಯಿತು. ಲಾರಿ ಕಾಯುತ್ತಿದ್ದರೆ ಮ್ಯಾನೇಜರ್ ಯಂತ್ರ ನಿಲ್ಲಿಸಲು ಬಿಡುತ್ತಿರಲಿಲ್ಲ. ಮೊದಮೊದಲು ತಿರುಪತಿ ತಕರಾರು ಮಾಡಿದ. ಬರಬರುತ್ತ ಅವನೂ ಕರೆಂಟು ತೆಗೆಯದೆಯೇ ಇಳಿಯತೊಡಗಿದ.

*

ಅಂಬಿಕಾ ಎದ್ದು ನಿಂತಳು. “ಎಲ್ಲಾನೂ ದಪ್ಪಗೇ ಬರಸೀರಲ್ರಿ ಸಾಹೇಬ್ರ, ಜೀವ ತಗೊಳ್ಳೋದು ಯಾವ ಸಾಲು ಅಂತ ಹೆಂಗ ತಿಳೀಬೇಕು? ನಿನ್ನಿ ಅವರಿಗೆ ಇಳಿ ಅಂದೋರು ಯಾರ್ರಿ?”

ಮ್ಯಾನೇಜರ್ ಫೋನು ತೆಗೆದು ನೋಡತೊಡಗಿದ. ಸುಭಾಷ್ ಅವಳ ಹತ್ತಿರ ಬಂದು ಮೆಲ್ಲಗೆ ಹೇಳಿದ: “ಸುಮ್ನಿರು ಅತ್ತಿಗಿ. ನಾನೂ ಅಲ್ಲೇ ದುಡಿಯಾಕತ್ತೀನಿ.”

“ಬೋರ್ಡ್ ಓದಬೇಕಿತ್ತವ್ವಾ ನನ್ ಮಗ,” ಎಂದು ಹಣಮಮ್ಮ ಹಾಡಿ ಅಳತೊಡಗಿದಳು. ಹೆತ್ತವಳೇ ಒಪ್ಪಿಕೊಂಡ ಮೇಲೆ ಉಳಿದವರದೇನು. ಅಂಬಿಕಾ ಮತ್ತೆ ಗಂಡನ ಪಕ್ಕ ಹೋಗಿ ಕೂತಳು.

ಹೆಣ ಎತ್ತುವ ಹೊತ್ತಿಗೆ ಗಿರಣಿಯ ಗಾಡಿಯಲ್ಲಿ ಶ್ರದ್ಧಾಂಜಲಿಯ ಫ್ಲೆಕ್ಸ್ ಬಂತು. ಸುಭಾಷನೇ ಅದನ್ನು ಬೇವಿನ ಮರಕ್ಕೆ ಕಟ್ಟಿದ. ಮೇಲೆ ಗಿರಣಿಯ ಹೆಸರು, ಓಣಿಯ ಆ ತುದಿಗೂ ಕಾಣುವ ಕೆಂಪು ಅಕ್ಷರದಲ್ಲಿ. ಕೆಳಗೆ ಮಾಲೀಕರ ಹೆಸರು, ಅವರ ಮಕ್ಕಳ ಹೆಸರು. ಮೂಲೆಯಲ್ಲಿ ತಿರುಪತಿಯ ಫೋಟೋ ಇತ್ತು. ಅದರಡಿಯ ಹೆಸರು ಓದಲು ಅಂಬಿಕಾ ಹತ್ತಿರ ಹೋದಳು, ಕಣ್ಣು ಕಿರಿದು ಮಾಡಿಕೊಂಡು ಇನ್ನಷ್ಟು ಹತ್ತಿರ ಹೋದಳು.