ಕಿವಿ ಕಾಣಬೇಕು

ಬಸ್ ನಿಲ್ದಾಣದ ಎದುರಿನ ಸ್ಟುಡಿಯೋದವನನ್ನು ಎಲ್ಲರೂ ಫೋಟೋ ಮಾಮ ಅಂತಲೇ ಕರೆಯುತ್ತಿದ್ದರು. ಮೂವತ್ತು ವರ್ಷದಿಂದ ಪಾಸ್‌ಪೋರ್ಟು, ವಾಸದ ಪರವಾನಗಿ, ಲೈಸೆನ್ಸು ಅಂತ ಊರವರ, ಹೊರದೇಶದವರ ಮುಖಗಳನ್ನೆಲ್ಲ ತೆಗೆದು ತೆಗೆದು ಅವನಿಗೊಂದು ಜಂಬ ಬಂದುಬಿಟ್ಟಿತ್ತು. "ಮುಖ ಬದಲಾಗುತ್ತೆ ಕಣ್ರೀ, ಕಿವಿ ಬದಲಾಗಲ್ಲ. ಒಂದು ಸಲ ನೋಡಿದ ಕಿವೀನ ನಾನು ಜನ್ಮದಲ್ಲಿ ಮರೆಯಲ್ಲ," ಅಂತ ಬಂದವರಿಗೆಲ್ಲ ಹೇಳುವನು. "ಸಾಕು ಮಾಡಿ ನಿಮ್ಮ ಕಿವಿ ಪುರಾಣ," ಅಂತ ಹೆಂಡತಿ ಒಳಗಿನಿಂದ ಗದರುವಳು. ಅಯ್ಯೋ, ಆಗಲೇ ಸಾಕು ಮಾಡಿದ್ದಿದ್ದರೆ!

ಆ ಮಂಗಳವಾರ ಅಧಿಕಾರಿಯೊಬ್ಬ ಬಂದ. ಸಭ್ಯ ಮನುಷ್ಯ, ಬೂಟು ಒರೆಸಿಕೊಂಡೇ ಒಳಗೆ ಕಾಲಿಟ್ಟ. ಯುದ್ಧ ಬೇಡ ಅಂತ ಚೌಕದಲ್ಲಿ ಸೇರಿದ್ದ ಜನರ ಫೋಟೋ ಒಂದನ್ನು ಕೌಂಟರಿನ ಮೇಲಿಟ್ಟ. ಮೈಕು ಹಿಡಿದವಳು ಟೋಪಿ ಹಾಕಿ, ಕಣ್ಣಿನ ಕೆಳಗೆ ಪೂರ್ತಿ ಬಟ್ಟೆ ಸುತ್ತಿಕೊಂಡಿದ್ದಳು. ಹೊರದೇಶದವರು ಸರ್ಕಾರದ ವಿರುದ್ಧ ಬೀದಿಯಲ್ಲಿ ಬಾಯಿಬಿಟ್ಟರೆ ಪರವಾನಗಿ ರದ್ದು ಅನ್ನುವ ಕಾನೂನು ಬಂದು ಎರಡು ತಿಂಗಳಾಗಿತ್ತು.

"ಪರವಾನಗಿ ಫೋಟೋ ಎಲ್ಲ ನೀವೇ ತೆಗೆಯೋದಂತೆ. ಆದ್ರೂ ಇವಳನ್ನ ಗುರುತು ಹಿಡಿಯೋದು ನಿಮ್ಮ ಕೈಲಿ ಆಗೋ ಕೆಲಸ ಅಲ್ಲ ಬಿಡಿ," ಅಂದ ಅಧಿಕಾರಿ.

"ಯಾಕಾಗಲ್ಲ?" ಅಂದ ಮಾಮ. ಯಾರಾದರೂ ಬೆದರಿಸಿದ್ದರೇ? ಇಲ್ಲ. ಆಸೆ ತೋರಿಸಿದ್ದರೇ? ಅದೂ ಇಲ್ಲ. ಭೂತಗನ್ನಡಿ ಹಿಡಿದು ಬಗ್ಗಿದ. ಟೋಪಿಯ ಕೆಳಗೆ, ಬಟ್ಟೆ ಸರಿದ ಕಡೆ ಎಡಗಿವಿ, ಹಾಲೆಯಲ್ಲಿ ಹಳೆಯ ಸೀಳು. "ನಮ್ಮ ನರ್ಸಮ್ಮ ಅಲ್ವೇ ಇದು! ನಾಲ್ಕು ವರ್ಷದಿಂದ ಇವಳ ಪರವಾನಗಿ ಫೋಟೋ ನಾನೇ ತೆಗೀತಿದ್ದೀನಿ," ಅಂತ ಎದೆಯುಬ್ಬಿಸಿ ಹೇಳಿಬಿಟ್ಟ. ಶಹಬ್ಬಾಸ್ ಅನ್ನುತ್ತಾನೇನೋ ಅಂತ ಕಾದ. ಅಧಿಕಾರಿ ಪೆನ್ನು ತೆಗೆದು ಬರೆದುಕೊಂಡ. ಆಗ ಮಾಮನಿಗೆ ಆ ಕಾನೂನು ನೆನಪಾಯಿತು.

"ಅಲ್ಲ... ಬೇರೆ ಯಾರಾದ್ರೂ ಇರಬಹುದು," ಅಂತ ತೊದಲಿದ.

"ನಿಮ್ಮ ಕಣ್ಣು ತಪ್ಪಲ್ಲ ಅಂತ ಊರೇ ಹೇಳುತ್ತಲ್ಲ ಸ್ವಾಮಿ," ಅಂತ ನಕ್ಕು ಅವನು ಹೊರಟ.

ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನಿಮ್ಮಮ್ಮನಿಗೆ ಕೊನೇ ತುತ್ತು ಉಣಿಸಿದ್ದು ಆ ಹುಡುಗಿ ಕಣ್ರೀ," ಅಂದಳು, ಅಷ್ಟೇ.

ಒಂಬತ್ತನೇ ದಿನ ಬೆಳಿಗ್ಗೆ ಆ ಅಧಿಕಾರಿಯ ಕಚೇರಿಯಿಂದ ಫೋನು. ನರ್ಸಮ್ಮನ ಗಡೀಪಾರು ಇವತ್ತೇ, ಪ್ರಯಾಣದ ಕಾಗದಕ್ಕೆ ಹೊಸ ಫೋಟೋ ಬೇಕು, ಕ್ಯಾಮೆರಾ ತಗೊಂಡು ಬನ್ನಿ. ಬರಲ್ಲ ಅನ್ನಬಹುದಿತ್ತು. ಆದರೆ ಹೋಗಿ, ನಿಜ ಹೇಳಿ, ಕಾಲಿಗೆ ಬೀಳುತ್ತೇನೆ ಅಂತ ಮನಸ್ಸು ಗಟ್ಟಿ ಮಾಡಿಕೊಂಡು ಬಿಳಿ ಪರದೆ ಕಂಕುಳಲ್ಲಿ ಇಟ್ಟುಕೊಂಡು ಹೊರಟ.

ಕಿಟಕಿಯಿಲ್ಲದ ಕೋಣೆ, ಒಂದು ಬೆಂಚು, ಬಾಗಿಲಲ್ಲಿ ಕಾವಲಿನವಳು. ಅವನನ್ನು ಕಂಡದ್ದೇ ನರ್ಸಮ್ಮ ಎದ್ದು ನಿಂತಳು. "ಸದ್ಯ! ಗೊತ್ತಿರೋ ಮುಖ ಒಂದಾದ್ರೂ ಬಂತಲ್ಲ ಮಾಮಾ!"

ಮಾಮ ಪರದೆಗೆ ಮೊಳೆ ಹುಡುಕುವವನಂತೆ ಗೋಡೆ ತಡವಿದ.

"ಅಷ್ಟು ಮುಚ್ಚಿಕೊಂಡಿದ್ದೆ. ನಾನೇ ಅಂತ ಗೊತ್ತಿದ್ದದ್ದು ನನ್ನ ರೂಮಿನವಳಿಗೆ ಮಾತ್ರ, ಆ ಟೋಪಿಯೂ ಅವಳದೇ," ಅಂದಳು ಹುಡುಗಿ. "ಬಾಯಿ ತುಂಬ ಅಕ್ಕಾ ಅಂತಿದ್ದೆ ಮಾಮಾ ಅವಳನ್ನ. ಅವಳೇ ಹಿಡಿದುಕೊಟ್ಟಿರೋದು. ದಿನಾ ಗೇಟಿಗೆ ಬರ್ತಾಳಂತೆ. ಅವಳ ಮುಖ ನೋಡಲ್ಲ ಅಂದ್ಬಿಟ್ಟೆ."

'ಅವಳಲ್ಲಮ್ಮಾ, ನಾನು.' ಇಷ್ಟೇ ಹೇಳಬೇಕಿದ್ದದ್ದು. ಊರಿಗೆಲ್ಲ ಮಾತು ಹಂಚಿದ ಆ ಬಾಯಿ ತೆರೆಯಿತು, ಮುಚ್ಚಿತು. ನಾಚಿಕೆಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು ಅವನಿಗೆ. ಹುಡುಗಿ ಹೇಳಿಸಿಕೊಳ್ಳದೆ ತಾನೇ ಪರದೆಯ ಮುಂದೆ ನಿಂತು, ಕೂದಲನ್ನು ಹಿಂದಕ್ಕೆ ಸರಿಸಿ, ಸ್ವಲ್ಪ ನಕ್ಕಳು.

"ಕಿವಿ ಕಾಣ್ತಿದೆಯಾ ಮಾಮಾ?"

"ಕಾಣ್ತಿದೆಯಮ್ಮಾ," ಅಂದು ಮಾಮ ಕ್ಯಾಮೆರಾ ಒತ್ತಿದ.

ಗೇಟಿನ ಹೊರಗೆ ರೂಮಿನವಳು ಬೆಚ್ಚನೆಯ ಬಟ್ಟೆ ತುಂಬಿದ ಚೀಲ ಹಿಡಿದು ನಿಂತಿದ್ದಳು. ಅತ್ತು ಅತ್ತು ಕಣ್ಣು ಊದಿಕೊಂಡಿದ್ದವು. "ಒಳಗೆ ಹೋಗಿದ್ರಲ್ಲ ಮಾಮಾ, ನನ್ನ ಬಗ್ಗೆ ಏನಾದ್ರೂ ಅಂದ್ಳಾ?"

ಇಲ್ಲಾದರೂ ಹೇಳಬಹುದಿತ್ತು. ಮೂರು ಹೆಜ್ಜೆ ಹಿಂದೆ ಗೇಟು ಇನ್ನೂ ತೆರೆದೇ ಇತ್ತು.

"ಅಕ್ಕನಿಗೆ ಹುಷಾರಾಗಿರು ಅಂತ ಹೇಳಿ ಅಂದ್ಳು," ಅಂದ ಮಾಮ.

ಅವಳು ಚೀಲ ಕೆಳಗಿಟ್ಟು, ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ನಿಮ್ಮಂಥೋರು ಒಬ್ರಾದ್ರೂ ಇದ್ದೀರಲ್ಲ ಮಾಮಾ."

ಮಾಮ ಕೈ ಬಿಡಿಸಿಕೊಳ್ಳಲಿಲ್ಲ.