ಗುಳಿಗಿ ಬಿಟ್ಟ ಮೂರನೆಯ ದಿನ

"ಈ ಪಟ್ಟಿ ಮೊನ್ನೇನೇ ಮುಗೀಬೇಕಿತ್ತು. ಇನ್ನಾ ನಾಕು ಗುಳಿಗಿ ಅವ. ಯಾಕ?" ಆಶಾ ಕಾರ್ಯಕರ್ತೆ ತಾಜುನ್ನಿಸಾ ಮೂರ್ಛೆರೋಗದ ಮಾತ್ರೆಗಳನ್ನು ಬಾಗಿಲ ಬೆಳಕಿಗೆ ಹಿಡಿದು ಕೇಳಿದಳು.

ಶಿವಗಂಗಾ ಬಾಣಂತಿ. ಹೆರಿಗೆಯಾಗಿ ಹನ್ನೊಂದು ದಿನ. ಸುಲೇಪೇಟದ ತವರುಮನೆಯ ಮಂಚದ ಮೇಲೆ ತಲೆಗೆ ಬಟ್ಟೆ ಕಟ್ಟಿಕೊಂಡು ಕುಳಿತಿದ್ದಳು. ಕುಪ್ಪಸ ಎರಡೂ ಕಡೆ ಹಾಲಿನಿಂದ ನೆನೆದಿತ್ತು. ಎದುರಿಗೇ ತಾಯಿ ನೀಲಾಬಾಯಿ ಕೂಸಿಗೆ ಚಮಚದಲ್ಲಿ ಆಕಳ ಹಾಲು ಹಾಕುತ್ತಿದ್ದಳು.

"ಅಕಿನೇ ಬಿಟ್ಟಾಳ. ಗುಳಿಗಿ ತಿನ್ನೋ ಮೈಯಾಗಿನ ಹಾಲು ಕೂಸಿಗಿ ಬ್ಯಾಡ ಅಂದೀನಿ, ಅಷ್ಟೇ," ಎಂದಳು ನೀಲಾಬಾಯಿ.

"ಅಷ್ಟೇನಾ?" ಶಿವಗಂಗಾ ತಲೆ ಎತ್ತಿದಳು. "ಮೂರ್ ದಿನ ಗುಳಿಗಿ ಬಿಡು, ಹಾಲು ಚೊಕ್ಕ ಆಗ್ತದ, ಆಮ್ಯಾಲ ಕೂಸಿನ್ನ ಕೊಡ್ತೀನಿ ಅಂದಿಲ್ಲೇನು? ಇವತ್ತಿಗಿ ಮೂರು. ಕೊಡು."

"ಯಾ ಅಲ್ಲಾ!" ತಾಜುನ್ನಿಸಾ ಚೀಲ ನೆಲಕ್ಕೆ ಕುಕ್ಕಿದಳು. "ಗುಳಿಗಿ ಬಿಟ್ಟರೇ ಮೂರ್ಛಿ ಬರೋದು, ಅಕ್ಕ. ಇದನ್ನ ತೊಗೊಂಡೇ ಹಾಲು ಕುಡಸ್ಲಿ ಅಂತ ಕಲಬುರಗಿ ಡಾಕ್ಟರ್ ಬರದ್ ಕೊಟ್ಟಾರ. ಕುಡಸುವಾಗ ಮಂಚ ಬಿಟ್ಟು ನೆಲದ ಮ್ಯಾಲ ಕುಂದ್ರಲಿ, ಬಾಜೂಕ ಒಬ್ರು ಇರ್ರಿ, ರಾತ್ರಿ ಅಕಿಗಿ ನಿದ್ದಿ ಮಾಡ್ಲಿಕ್ಕ ಬಿಡ್ರಿ ಅಂತ ಹೋದ ಸಲಾನೂ ಹೇಳೀನಿ. ಈ ಗ್ವಾಡಿಗಿ ಹೇಳಿದ್ರ ಇಷ್ಟೊತ್ತಿಗಿ ಅದಾದ್ರೂ ಹೂಂ ಅಂತಿತ್ತು."

"ನಿನಗೇನು, ಹೇಳಿ ಹೋಗ್ತಿ. ಹನ್ನೆರಡು ವರ್ಷದಾಕಿ ಇದ್ದಾಗ ಮೂರ್ಛಿ ಬಂದು ನೀರೊಲಿ ಮುಂದ ಬಿದ್ದಳು. ಎತ್ತಿದಾಕಿ ನಾನು."

"ಅವತ್ತು ಗುಳಿಗಿ ಇರಲಿಲ್ಲಲ್ಲ ಯವ್ವಾ."

ತಾಜುನ್ನಿಸಾ ಹೊಸಿಲ ಹೊರಗೆ ನಿಂತು ಡಾಕ್ಟರಿಗೆ ಫೋನು ಮಾಡಿ ಬಂದಳು. "ಬಿಟ್ಟಿದ್ದೆಲ್ಲಾ ಕೂಡಿಸಿ ನುಂಗಬ್ಯಾಡ. ಮುಂಜಾನಿದು ಒಂದೇ."

ಶಿವಗಂಗಾ ಮಾತ್ರೆ ನುಂಗಿ ನೀರು ಕುಡಿದಳು. ಮಂಚದಿಂದ ಇಳಿದು ನೆಲದ ಮೇಲೆ ಕುಳಿತು ಗೋಡೆಗೆ ಒರಗಿದಳು. "ಗುಳಿಗಿ ತೊಗೊಂಡೀನಿ. ಈಗ ಕೂಸಿನ್ನ ಕೊಡು."

"ಮೂರ್ ದಿನಾ ಹಾಳ್ ಮಾಡಿದಿ ನೋಡು," ಎಂದಳು ನೀಲಾಬಾಯಿ.

ಕೂಸು ಚಮಚದ ಹಾಲು ಉಗುಳಿ ಅಳತೊಡಗಿತು. ನೀಲಾಬಾಯಿ ಮತ್ತೊಂದು ಚಮಚ ಹಿಡಿದಳು. ಅದೂ ಗಲ್ಲದ ಮೇಲೆ ಹರಿಯಿತು. ಕೂಸಿನ ಮುಖ ಕೆಂಪಾಯಿತು. ಕೊನೆಗೆ ನೀಲಾಬಾಯಿ ಎದ್ದು ಬಂದು, ಮಗಳ ಮೈಗೆ ಮೈ ತಾಗಿಸಿ ಕುಳಿತು, ಕೂಸನ್ನು ಅವಳ ತೊಡೆಯ ಮೇಲೆ ಇಟ್ಟಳು.

ಕೂಸು ಎರಡು ಸಲ ತಡಕಾಡಿ ಮೊಲೆ ಹಿಡಿಯಿತು.

"ಬಿಡು ಯವ್ವಾ, ನಾ ಹಿಡೀತೀನಿ," ಎಂದಳು ಶಿವಗಂಗಾ.

ನೀಲಾಬಾಯಿ ಕೂಸಿನ ತಲೆಯ ಕೆಳಗಿದ್ದ ತನ್ನ ಕೈ ತೆಗೆಯಲಿಲ್ಲ.