ಬಾತಿಯ ಹತ್ತಿರ ನಿಲ್ಲುವ ಕಾರು

ರಾಜರಾಣಿಯರ ಕಾಲ ಮುಗಿದು ಹತ್ತಿ ಗಿರಣಿಗಳ ಕಾಲ ಬಂದಿತ್ತಲ್ಲ, ಆಗ ದಾವಣಗೆರೆ ಎಂಬ ಪಟ್ಟಣದಲ್ಲಿ ಒಂದು ಕಬ್ಬಿಣದ ಕುದುರೆ ಇತ್ತು. ಅದು ಹುಲ್ಲು ತಿನ್ನುತ್ತಿರಲಿಲ್ಲ, ಪೆಟ್ರೋಲು ಕುಡಿಯುತ್ತಿತ್ತು. ಲಾಯದಲ್ಲಿದ್ದಾಗ ಚೆನ್ನಾಗಿ ಕೆನೆಯುತ್ತಿತ್ತು. ಊರು ದಾಟಿ, ಹರಿಹರದ ದಾರಿಯ ಬಾತಿ ಎಂಬ ಹಳ್ಳಿಯ ಹತ್ತಿರ ಬಂದರೆ ಮಾತ್ರ, ಯಾವುದೋ ಶಾಪ ನೆನಪಾದಂತೆ ನಿಂತುಬಿಡುತ್ತಿತ್ತು.

ನಮ್ಮಜ್ಜಿ ಉಡಚಮ್ಮ ಹೇಳಿದ್ದರೆ ಹೀಗೆಯೇ ಶುರು ಮಾಡುತ್ತಿದ್ದಳು. ಅದು ಹತ್ತಿ ದಲಾಲಿಯಾಗಿದ್ದ ನಮ್ಮಪ್ಪ ಬಕ್ಕೇಶಪ್ಪ ಕೊಂಡು ತಂದ, ನನಗಿಂತ ಹತ್ತು ವರ್ಷ ಹಿರಿಯದಾದ ವಿಲಾಯಿತಿ ಕಾರು. ಎರಡು ವರ್ಷ ಒಂದು ದಿನವೂ ತಂಟೆ ಮಾಡದ್ದು, ಆ ಸಲದ ಆಯುಧಪೂಜೆಯ ಮಾರನೆಯ ದಿನ ಮೊದಲ ಬಾರಿ ದಾರಿಯಲ್ಲಿ ನಿಂತಿತು. ಅಲ್ಲಿಂದ ಮುಂದೆ ಹೊರಟಾಗಲೆಲ್ಲ ನಿಂತಿತು.

ಅದನ್ನು ನೋಡಿಕೊಳ್ಳುತ್ತಿದ್ದವರು ಮೇಸ್ತ್ರಿ ಬಡೇಸಾಬ್. ಓಡಿಸುತ್ತಿದ್ದವರೂ ಅವರೇ. ಪ್ಲಗ್ಗು ಬಿಚ್ಚಿ ಉಜ್ಜಿದರು. ಕಾರ್ಬೊರೇಟರನ್ನು ತಟ್ಟೆಯಲ್ಲಿ ಹರವಿ ಒಂದೊಂದು ತೂತನ್ನೂ ಊದಿದರು. ಪೆಟ್ರೋಲಿನ ಕೊಳವೆಗೆ ತಂತಿ ಹಾಕಿ ಎಳೆದರು. ಅಷ್ಟಾದ ಮೇಲೆ ಹ್ಯಾಂಡಲ್ ತಿರುಗಿಸಿದರೆ ನಮ್ಮ ಅಂಗಳದಲ್ಲಿ ಒಂದೇ ಸುತ್ತಿಗೆ ಹೊತ್ತಿಕೊಳ್ಳುತ್ತಿತ್ತು. "ನೋಡ್ರಿ, ನನ್ ಮುಂದೆ ಹೆಂಗೆ ಸಾಧು ಆಗೈತೆ," ಎನ್ನುತ್ತಿದ್ದರು.

"ದೃಷ್ಟಿ ತಾಗೈತೆ," ಎಂದಳು ಅಜ್ಜಿ. "ಇನ್ನೊಂದು ಸುತ್ತು ವಿಭೂತಿ ಹಚ್ಚೇ ಅದಕ್ಕೆ."

ಹಚ್ಚುವ ಕೆಲಸ ಆ ಸಲದ ಆಯುಧಪೂಜೆಯಿಂದ ನನ್ನದಾಗಿತ್ತು. ಆ ಕಾರಿನ ಪೆಟ್ರೋಲು ಟ್ಯಾಂಕು ಇದ್ದದ್ದು ಮುಂಗಾಜಿನ ಕೆಳಗೆ. ಅದರ ದುಂಡು ಮುಚ್ಚಳ ಸರಿಯಾಗಿ ನಡುಹಣೆಯ ಜಾಗದಲ್ಲಿ ಕೂತಿತ್ತು. ವಿಭೂತಿಯನ್ನು ನೀರಲ್ಲಿ ಕಲಸಿ ಅಲ್ಲಿ ಮೂರು ಬೆರಳು ಎಳೆದು ನಡುವೆ ಕುಂಕುಮ ಇಡುತ್ತಿದ್ದೆ. ಕಾರು ನಿಂತು ಬಂದಾಗಲೆಲ್ಲ ಇನ್ನೊಂದು ಪದರ. ಬಡೇಸಾಬ್ ಕಾಕಾ ಕಾರಿನ ಹೊಟ್ಟೆಯನ್ನೆಲ್ಲ ಬಗೆದರೂ ಆ ಮುಚ್ಚಳವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಪೆಟ್ರೋಲು ಹಾಕುವಾಗ, "ಪೂಜೆ ಮಾಡಿದ್ದೈತೆ, ನೀವೇ ತೆಗೀರಿ ತಂಗೆವ್ವ, ನನ್ ಕೈ ಎಣ್ಣೆ ಕೈ," ಎಂದು ದೂರ ನಿಲ್ಲುತ್ತಿದ್ದರು. ನಾನೂ ಗೆರೆ ಕೆಡದಂತೆ ಅಂಚು ಹಿಡಿದೇ ತಿರುಗಿಸುತ್ತಿದ್ದೆ.

ಕಾರ್ತಿಕದಲ್ಲಿ ಹರಿಹರದ ಒಂದು ಛತ್ರದಲ್ಲಿ ಕಣ್ಣಿನ ಆಪರೇಷನ್ ಶಿಬಿರ ನಡೆಯಿತು. ಅಜ್ಜಿಯ ತಂಗಿ ಕಮಲಕ್ಕ ಅದೇ ಊರಿನವಳು. ಆರು ವರ್ಷದಿಂದ ಅವಳಿಗೆ ಪೊರೆ ಬಂದು ಕಣ್ಣು ಕಾಣುತ್ತಿರಲಿಲ್ಲ. ಚಾಕು ಎಂದರೆ ಹೆದರಿ ಒಲ್ಲೆ ಎಂದು ಕೂತವಳಿಗೆ ಅಜ್ಜಿ ಹೇಳಿ ಕಳಿಸಿದ್ದಳು: "ಕಟ್ಟು ಬಿಚ್ಚೋ ದಿನ ನಿನ್ನೆದುರಿಗೆ ನಾನು ಕೂತಿರ್ತೀನಿ. ಮೊದಲು ನನ್ನ ಮುಖಾನೇ ನೋಡೀಯಂತೆ." ಆ ಒಂದು ಮಾತಿನ ಮೇಲೆ ಕಮಲಕ್ಕ ಒಪ್ಪಿದ್ದಳು.

ಕಟ್ಟು ಬಿಚ್ಚುವುದು ಸೋಮವಾರ ನಾಲ್ಕು ಗಂಟೆಗೆ. ಅಜ್ಜಿಯ ತೊಡೆಯ ಮೂಳೆ ಮುರಿದು ಕೂಡಿದ್ದರಿಂದ ಬಸ್ಸಿನ ಮೆಟ್ಟಿಲು ಹತ್ತುವುದು ಆಗದ ಮಾತು, ಎತ್ತಿನ ಗಾಡಿಯ ಕುಲುಕಾಟವಂತೂ ಬೇಡವೇ ಬೇಡ. ಉಳಿದದ್ದು ಕಾರೇ. ಬೆಳಿಗ್ಗೆ ಎದ್ದು ಮುಚ್ಚಳಕ್ಕೆ ದಪ್ಪನೆಯ ವಿಭೂತಿ ಹಚ್ಚಿದೆ. ದಾರಿಯಲ್ಲಿ ನಿಂತರೆ ತಳ್ಳಾಡಲು ಹೊತ್ತಿರಲಿ ಎಂದು ಬಡೇಸಾಬ್ ಕಾಕಾ ಎರಡು ಗಂಟೆಗೇ ಹೊರಡಿಸಿದರು.

ಬಾತಿ ದಾಟಲಿಲ್ಲ. ಕಾರು ಎರಡು ಸಲ ಕೆಮ್ಮಿ, ಜೋಳದ ಹೊಲದ ಪಕ್ಕ ನಿಂತಿತು.

ಕಾಕಾ ಹ್ಯಾಂಡಲ್ ಹಾಕಿ ತಿರುಗಿಸಿದರು. ಹತ್ತು ಸಲ, ಇಪ್ಪತ್ತು ಸಲ. ಅಂಗಿ ಬೆನ್ನಿಗೆ ಅಂಟಿಕೊಂಡಿತು.

"ಹೊತ್ತು ಎಷ್ಟಾತೇ?" ಎಂದಳು ಅಜ್ಜಿ ಹಿಂದಿನ ಸೀಟಿನಿಂದ.

"ಮೂರಾಗ್ತಾ ಬಂತಜ್ಜಿ."

"ಬಡೇಸಾಬ್, ಆ ಹುಡುಗಿ ಕಣ್ಣು ಬಿಡೋ ಹೊತ್ತಿಗೆ ನಾನಿಲ್ಲಿ ಜೋಳ ಕಾಯ್ತಾ ಕೂಡ್ಲೇನಪ್ಪ?" ಅಜ್ಜಿಗೆ ಎಪ್ಪತ್ತು, 'ಆ ಹುಡುಗಿ'ಗೆ ಅರವತ್ತೈದು.

"ಹಂಗ ಅನಬ್ಯಾಡ್ರಿ ದೊಡ್ಡವ್ವಾರೆ. ನನಗೂ ಹೊಟ್ಟೆ ಉರೀತೈತೆ." ಕಾಕಾ ಬಾನೆಟ್ ಎತ್ತಿ, ಕಾರ್ಬೊರೇಟರಿಗೆ ಬರುವ ಕೊಳವೆಯ ತುದಿ ಬಿಚ್ಚಿ ಕೆಳಗೊಂದು ಡಬ್ಬಿ ಹಿಡಿದರು. ಪೆಟ್ರೋಲು ಒಂದು ಹನಿ ಬಿತ್ತು. ತಡೆದು ಇನ್ನೊಂದು. ಆಮೇಲೆ ಅದೂ ಇಲ್ಲ.

"ಬೆಳಿಗ್ಗೆ ಊದೀನಿ ಇದನ್ನ, ಪಳಪಳ ಅಂತಿತ್ತು," ಎಂದು ಗೊಣಗಿದರು. "ತಂಗೆವ್ವ, ಮುಚ್ಚಳ ತೆಗೆದು ಪೆಟ್ರೋಲು ಎಷ್ಟೈತೆ ನೋಡ್ರಿ."

ನಾನು ಅಂಚು ಹಿಡಿದು ತಿರುಗಿಸಿದೆ. ಮುಚ್ಚಳ ಸಡಿಲವಾಗುತ್ತಿದ್ದಂತೆ 'ಸುಸ್' ಎಂದು ಒಂದು ಸದ್ದು. ಹೊರಗೆ ಬಿಟ್ಟ ಸದ್ದಲ್ಲ, ಒಳಗೆ ಎಳೆದುಕೊಂಡದ್ದು. ಅತ್ತು ಅತ್ತು ಸುಸ್ತಾದ ಮಗು ಬಿಕ್ಕಿ ಉಸಿರೆಳೆಯುವುದಿಲ್ಲವೇ, ಹಾಗೆ. ಅದೇ ಕ್ಷಣಕ್ಕೆ ಕಾಕಾ "ಅರೆ" ಎಂದರು. ಅವರ ಕೈಯಲ್ಲಿದ್ದ ಕೊಳವೆಯಿಂದ ಪೆಟ್ರೋಲು ಧಾರೆಯಾಗಿ ಡಬ್ಬಿಗೆ ಬೀಳುತ್ತಿತ್ತು.

"ಕಾಕಾ, ಅದು ಉಸಿರು ತಗೊಂತು."

ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು. ಕಾಕಾ ನಗಲಿಲ್ಲ. "ಮುಚ್ರಿ," ಎಂದರು. ಬಿಗಿಯಾಗಿ ಮುಚ್ಚಿದೆ. ಧಾರೆ ಸಣ್ಣದಾಯಿತು, ನೂಲಾಯಿತು, ಹನಿಯಾಯಿತು. "ತೆಗೀರಿ." ಸುಸ್. ಮತ್ತೆ ಧಾರೆ.

ಕೊಳವೆಯನ್ನು ಮೇಲೆತ್ತಿ ಬೆರಳಿಂದ ಮುಚ್ಚಿ ಹಿಡಿದುಕೊಂಡೇ ಅವರು ನನ್ನ ಕೈಲಿದ್ದ ಮುಚ್ಚಳವನ್ನು ನೋಡಿದರು. ಒಂದು ತಿಂಗಳಲ್ಲಿ ಮೊದಲ ಸಲ ಅದನ್ನು ಹತ್ತಿರದಿಂದ ನೋಡಿದ್ದು. "ಎಣ್ಣೆ ಡಬ್ಬಕ್ಕೆ ಒಂದೇ ತೂತು ಹೊಡೆದ್ರೆ ಎಣ್ಣೆ ಸುರೀತೈತೇನ್ರಿ? ಗಾಳಿ ಹೋಗಾಕ ಎದುರಿಗೆ ಇನ್ನೊಂದು ಬೇಕು. ಈ ಮುಚ್ಚಳದಾಗ ಸಾಸಿವೆ ಕಾಳಿನಷ್ಟು ತೂತೈತೆ, ಅದಕ್ಕೇ. ಅದರ ಮ್ಯಾಲೆ ನೀವು..." ಎಂದರು.

ಕಾರು ನಿಂತಷ್ಟೂ ಹಚ್ಚಿದ್ದೆ. ಹಚ್ಚಿದಷ್ಟೂ ಅದು ನಿಂತಿತ್ತು.

"ಏನಂತೆ?" ಎಂದಳು ಅಜ್ಜಿ.

"ದೊಡ್ಡವ್ವಾರೆ, ಪೂಜೆ ವಿಭೂತಿ ಗಾಳಿ ತೂತು ಮುಚ್ಚೈತ್ರಿ. ಕೆರೀಬೇಕು. ನೀವು ಹ್ಞೂಂ ಅಂದ್ರೆ..."

ಅಜ್ಜಿ ನನ್ನ ಕಡೆ ತಿರುಗಿದಳು. "ಹಣೆಗೆ ಹಚ್ಚೇ ಅಂದ್ರೆ ಮೂಗಿಗೆ ಮೆತ್ತೀಯಲ್ಲೇ. ಕೆರಿಯಪ್ಪ ಬಡೇಸಾಬ್. ಉಸಿರು ಕಟ್ಟಿಸೋ ಪೂಜೆ ಯಾವ ದೇವ್ರು ಕೇಳ್ಯಾನ?"

ಆದರೂ ಕಾಕಾ ಕೆರೆಯಲಿಲ್ಲ. ಕೊಳವೆ ಜೋಡಿಸುತ್ತ, "ನೀವೇ ಮಾಡ್ರಿ," ಎಂದರು. ಬೇಲಿಯ ಜಾಲಿಯಿಂದ ಒಂದು ಮುಳ್ಳು ಮುರಿದು ತಂದೆ. ಸೆರಗನ್ನು ನೀರಲ್ಲಿ ಅದ್ದಿ ಒರೆಸಿ, ಹೆಂಚಿನಂತೆ ಗಟ್ಟಿಯಾಗಿದ್ದ ಪದರವನ್ನು ಮುಳ್ಳಿನಿಂದ ಎಬ್ಬಿಸಿದೆ. ತೂತು ಸಿಕ್ಕಿತು. ತುಟಿಯಿಟ್ಟು ಊದಿದೆ. ಗಾಳಿ ಆಚೆ ಹೋಯಿತು.

ಎರಡನೆಯ ಸುತ್ತಿಗೆ ಕಾರು ಹೊತ್ತಿಕೊಂಡಿತು. ಹರಿಹರದವರೆಗೂ ಯಾರೂ ಮಾತಾಡಲಿಲ್ಲ. ಮಾತಾಡಿದರೆ ನಿಂತೀತು ಎಂಬ ಭಯ ಮೂವರಿಗೂ ಇತ್ತೇನೋ.

ಛತ್ರ ಮುಟ್ಟಿದಾಗ ನಾಲ್ಕೂಕಾಲು. ಉಳಿದವರ ಕಟ್ಟೆಲ್ಲ ಬಿಚ್ಚಿಯಾಗಿತ್ತು. ಮೂಲೆಯ ಚಾಪೆಯ ಮೇಲೆ ಕಮಲಕ್ಕ ಎರಡು ಕೈಯಲ್ಲೂ ಕಟ್ಟನ್ನು ಅವುಚಿಕೊಂಡು ಕೂತಿದ್ದಳು. ಎದುರಿಗೆ ನಿಂತ ಡಾಕ್ಟರು ಹೇಳುತ್ತಿದ್ದರು: "ಅಮ್ಮಾ, ನನಗೆ ರೈಲಿಗೆ ಹೊತ್ತಾಗುತ್ತೆ."

"ನೀವು ಹೋಗ್ರಿ. ನಮ್ಮಕ್ಕ ಬರೋತನಕ ನಾ ಬಿಚ್ಚಾಕ ಬಿಡಂಗಿಲ್ಲ."

"ಬಿಡೇ ಕೈಯ," ಎಂದಳು ಅಜ್ಜಿ, ನನ್ನ ಹೆಗಲು ಹಿಡಿದು ಕುಂಟುತ್ತ. "ಬಂದೀನಿ."

ಅವಳನ್ನು ಚಾಪೆಯ ಎದುರಿಗೆ ಕೂಡಿಸಿದೆ. ಡಾಕ್ಟರು ಸುತ್ತು ಸುತ್ತಾಗಿ ಬಟ್ಟೆ ಬಿಚ್ಚಿ ಹತ್ತಿ ತೆಗೆದರು. ಕಮಲಕ್ಕ ರೆಪ್ಪೆ ಬಡಿದಳು, ನೀರಿಳಿಯಿತು, ಮತ್ತೆ ಬಡಿದಳು. ಬಹಳ ಹೊತ್ತು ನೋಡಿದಳು.

"ಇದ್ಯಾರು, ನಮ್ಮವ್ವ ಕೂತಂಗೆ ಕೂತಾಳಲ್ಲ? ಇಷ್ಟು ಮುದುಕಿ ಯಾವಾಗ ಆದೇ ಅಕ್ಕಾ?"

"ನೀ ನೋಡದಿದ್ದಾಗ," ಎಂದಳು ಅಜ್ಜಿ.

ಕಮಲಕ್ಕ ಕೈ ಚಾಚಿದಳು. ಆ ಕೈ ಗಾಳಿಯಲ್ಲಿ ತಡಕಾಡದೆ, ನೇರವಾಗಿ ಅಜ್ಜಿಯ ಕೆನ್ನೆಯ ಮೇಲೆ ಹೋಗಿ ಕೂತಿತು.